ಮುದುಕನಂತೆ ಕಾಣುವ ಮುದುಕನಿಗೂ ಒಂದು ಗಂಟೆ ಕೊಡಿ

ಹಿರಿಯರ ಕಲ್ಯಾಣ ಕಚೇರಿಯ ಮಾನ್ಯ ನಿರ್ದೇಶಕರೇ,

'ಹಿರಿಯರೊಂದಿಗೆ ಒಂದು ಗಂಟೆ' ಕಾರ್ಯಕ್ರಮಕ್ಕೆ ನಾನು ಸಲ್ಲಿಸಿದ್ದ ಅರ್ಜಿಯನ್ನು ನಿಮ್ಮ ಆಯ್ಕೆ ಸಮಿತಿ ಕಳೆದ ಮಂಗಳವಾರ ಎರಡನೇ ಬಾರಿ ತಿರಸ್ಕರಿಸಿದೆ. ಐವರ ಸಮಿತಿಯಲ್ಲಿ ಮೂರು ಕೈ ಏಳಬೇಕಿತ್ತು, ಎರಡು ಎದ್ದವು. ಇದನ್ನು ನನಗೆ ಮೊದಲು ತಿಳಿಸಿದ್ದು ನಿಮ್ಮ ಕಚೇರಿಯಲ್ಲ. ಅದೇ ಸಂಜೆ ಮನೆಗೆ ಬಂದು ಹೇಳಿದವರು ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಅವರು ಆ ಸಮಿತಿಯ ಸದಸ್ಯರೂ ಹೌದು. ನಿಮ್ಮ ಪತ್ರ ಶುಕ್ರವಾರ ಬಂತು. ಕಾರಣವನ್ನು ಅದರಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ: "ಅಭ್ಯರ್ಥಿಯು ವೃದ್ಧಾಪ್ಯದ ಸಕಾರಾತ್ಮಕ ಚಿತ್ರಣಕ್ಕೆ ಪೂರಕವಾಗಿರುವುದಿಲ್ಲ."

ನನಗೀಗ ಎಪ್ಪತ್ತು. ಎರಡೂ ಮೊಣಕಾಲು ಹಿಡಿದುಕೊಂಡಿವೆ, ಎಡಗಿವಿ ಪೂರ್ತಿ ಮಂದ, ಬಲಗಿವಿ ಅರ್ಧ. ಮಾತು ಶುರು ಮಾಡಿದರೆ ನಡುವೆ ನಿಂತು ಪದ ಹುಡುಕುತ್ತೇನೆ. ವೃದ್ಧಾಪ್ಯಕ್ಕೆ ಏನೇನು ಬೇಕೋ ಎಲ್ಲವನ್ನೂ ಕಷ್ಟಪಟ್ಟು ಸಂಪಾದಿಸಿಕೊಂಡಿದ್ದೇನೆ. ಇಷ್ಟಾದ ಮೇಲೂ ವೃದ್ಧಾಪ್ಯಕ್ಕೆ ನಾನು ಸಾಲದು ಎಂದು ಒಂದು ಸರ್ಕಾರಿ ಕಚೇರಿ ಹೇಳುತ್ತದೆ ಎಂದು ನಾನು ಎಣಿಸಿರಲಿಲ್ಲ.

ಪತ್ರಿಕೆಗೆ ಕಳಿಸುತ್ತಿರುವ ಈ ಬಹಿರಂಗ ಪತ್ರದಲ್ಲಿ ಮುಂದೆ ಹೋಗುವ ಮೊದಲು ಒಂದು ಸಂಗತಿಯನ್ನು ಒಪ್ಪಿಕೊಂಡುಬಿಡುತ್ತೇನೆ. ನನಗೆ ನನ್ನ ಷಡ್ಡಕರ ಮೇಲೆ ಹೊಟ್ಟೆಕಿಚ್ಚು. ನೀವು ಪತ್ತೆ ಹಚ್ಚಿ ಹೇಳುವುದಕ್ಕಿಂತ ನಾನೇ ದಾಖಲಿಸುವುದು ಮೇಲು. ಆದರೆ ಹೊಟ್ಟೆಕಿಚ್ಚಿನವನು ಹೇಳಿದ್ದೆಲ್ಲ ಸುಳ್ಳಾಗಬೇಕಿಲ್ಲ. ಅವನಷ್ಟು ಗಮನವಿಟ್ಟು ನೋಡಿದವರು ಬೇರೆ ಯಾರೂ ಇರುವುದಿಲ್ಲ.

ನೋಡುವುದು ನನಗೆ ಅನಿವಾರ್ಯ ಕೂಡ. ನಮ್ಮ ಮನೆಯ ಎದುರಿನ ಬಸ್ ನಿಲ್ದಾಣದಲ್ಲಿ ನಿಮ್ಮ ಕಚೇರಿ ಅಂಟಿಸಿರುವ ಆಳೆತ್ತರದ ಪೋಸ್ಟರ್ ಅವರದೇ. ನೀಲಿ ಓಟದ ಶೂ, ಮಡಿಚಿದ ತೋಳು, ಎದೆಯ ಮೇಲೆ ಶಿಳ್ಳೆ. ಎಪ್ಪತ್ತೊಂದು ವರ್ಷದ ಆ ತಲೆಯ ಬಿಳಿ ಕೂದಲು ಕೂಡ ದುಡ್ಡು ಕೊಟ್ಟು ಬಣ್ಣ ಹಚ್ಚಿಸಿದ ಹಾಗೆ ಹೊಳೆಯುತ್ತದೆ. ನನ್ನ ತಲೆಯಲ್ಲಿ ಹೊಳೆಯುವುದು ಕೂದಲಲ್ಲ. ಕೆಳಗೆ ದಪ್ಪಕ್ಷರದಲ್ಲಿ 'ವಯಸ್ಸು ಬರೀ ಒಂದು ಸಂಖ್ಯೆ' ಎಂದು ಬರೆದಿದ್ದೀರಿ. ಮಾನ್ಯರೇ, ನಾನು ಮೂವತ್ತನಾಲ್ಕು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ರೀಡರ್ ಆಗಿದ್ದವನು. ಸಂಖ್ಯೆಯನ್ನು 'ಬರೀ' ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸಂಖ್ಯೆ ಸುಮ್ಮನೆ ಬರುವುದಿಲ್ಲ. ಒಳಗೆ ಏನೋ ಹರಿದು ಹೋಗಿದ್ದರೆ ಮಾತ್ರ ಮುಳ್ಳು ತಿರುಗುತ್ತದೆ.

ಕಾರ್ಯಕ್ರಮದ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ವಯಸ್ಸಾದವರ ಬಗ್ಗೆ ಹದಿಹರೆಯದವರಲ್ಲಿರುವ ಪೂರ್ವಗ್ರಹವನ್ನು ಕಡಿಮೆ ಮಾಡುವುದು, ಅದಕ್ಕಾಗಿ ಶಾಲೆಗೊಬ್ಬ ಹಿರಿಯರನ್ನು ಕಳಿಸಿ ಮಕ್ಕಳ ಜೊತೆ ಒಂದು ಗಂಟೆ ಕೂರಿಸುವುದು. ಒಳ್ಳೆಯ ಯೋಚನೆ, ಯಾರಿಗೆ ಹೊಳೆಯಿತೋ ಅವರಿಗೆ ನಮಸ್ಕಾರ. ನನ್ನ ತಕರಾರು ನೀವು ಹಿರಿಯರನ್ನು ಆರಿಸುವ ವಿಧಾನದ ಬಗ್ಗೆ. ಮೊದಲ ಸಲ ಬಂದಾಗ ಇಪ್ಪತ್ತು ಮೀಟರ್ ನಡೆಸಿದಿರಿ. ಹದಿನೆಂಟು ಸೆಕೆಂಡಿನಲ್ಲಿ ಮುಗಿಸಬೇಕಿತ್ತು, ನಾನು ನಲವತ್ತೊಂದು ತೆಗೆದುಕೊಂಡೆ. ತಡೆಯದೆ ಐದು ನಿಮಿಷ ಮಾತಾಡಿ ಎಂದಿರಿ. ನಾನು ಆಡಬೇಕಾದದ್ದನ್ನೆಲ್ಲ ಆಡಿದೆ, ಆದರೆ ತಡೆತಡೆದು, ಎಂಟು ನಿಮಿಷ. ಎರಡನೇ ಸಲ ಸಂದರ್ಶನ ಮಾಡಿದ ಯುವ ಅಧಿಕಾರಿ ಕೇಳಿದ ಒಂದು ಪ್ರಶ್ನೆಗೆ ನಾನು ಮೂರು ಸಲ "ಏನಂದ್ರಿ?" ಎಂದೆ. ಅವರು ತಾಳ್ಮೆಯಿಂದ ನಕ್ಕು ಕಾಗದದಲ್ಲಿ ಏನೋ ಬರೆದುಕೊಂಡರು. ಅಡುಗೆಮನೆಯ ಸಿಂಕ್‌ಗಳ ಕೆಳಗೆ ಅಂಗಾತ ಮಲಗಿ ಮೀಟರಿನ ಅಂಕಿ ಓದುತ್ತಲೇ ಸರ್ವೀಸ್ ಮುಗಿಸಿದವನಿಗೆ ಎದುರು ಕುಳಿತವರ ಕಾಗದವನ್ನು ತಲೆಕೆಳಗಾಗಿ ಓದುವುದು ಕಷ್ಟವಲ್ಲ. ಬರೆದದ್ದು ಹೀಗಿತ್ತು: 'ಮಕ್ಕಳಿಗೆ ಬೇಸರವಾಗಬಹುದು.'

"ಏನ್ ಬರೆದ್ರಿ ಸಾರ್?" ಎಂದು ಗೊತ್ತಿಲ್ಲದವನಂತೆ ಕೇಳಿದೆ.

"ಏನಿಲ್ಲ ಸಾರ್. ಬೇಜಾರ್ ಮಾಡ್ಕೋಬೇಡಿ, ಒಂದ್ಮಾತು ಹೇಳ್ತೀನಿ. ನೀವು ತುಂಬಾ ಒಳ್ಳೇವ್ರು. ಆದ್ರೆ ನಿಮ್ಮನ್ನ ಕಳಿಸಿದ್ರೆ ವಯಸ್ಸಾದೋರು ಹೀಗೇ ಇರ್ತಾರೆ ಅಂತ ಮಕ್ಕಳು ಅಂದ್ಕೊಂಬಿಡ್ತಾರೆ."

"ನಾನು ಹೀಗೇ ಇದೀನಲ್ಲಪ್ಪಾ."

"ಅದೇ ಸಾರ್ ಪ್ರಾಬ್ಲಮ್ಮು."

ಆ ಅಧಿಕಾರಿಯ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಇಡೀ ಕಚೇರಿಯಲ್ಲಿ ವಿಷಯವನ್ನು ಇಷ್ಟು ಸ್ಪಷ್ಟವಾಗಿ ಹೇಳಿದವರು ಅವರೊಬ್ಬರೇ.

ಈಗ ನಿಮ್ಮ ಯಶಸ್ಸಿನ ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗಳು ಓದುವ ಶಾಲೆಗೆ ನೀವು ಕಳಿಸಿದ್ದು ನನ್ನ ಷಡ್ಡಕರನ್ನೇ. ಅವರು ಈಜುಕೊಳದಲ್ಲಿ ತರಬೇತುದಾರರಾಗಿದ್ದವರು. ಮಕ್ಕಳೆದುರು ಮೂವತ್ತೆರಡು ಪುಷ್‌ಅಪ್ ಹೊಡೆದರು. ಮೇಜಿನ ಮೇಲೆ ಕೈಯೂರಿ ಕಾಲೆತ್ತಿ ನಿಂತರು. ಮೊಬೈಲಿನಲ್ಲಿ ಮಕ್ಕಳ ಜೊತೆ ಸೇರಿ ಒಂದು ವಿಡಿಯೊ ಮಾಡಿ ಅಲ್ಲೇ ಹಾಕಿದರು. ಆಮೇಲೆ ನೀವು ಮಕ್ಕಳಿಂದ ಒಂದು ಹಾಳೆ ತುಂಬಿಸಿಕೊಂಡಿರಿ. ನಿಮ್ಮ ವರದಿಯ ಪ್ರಕಾರ ನೂರ ಅರವತ್ತನಾಲ್ಕು ಮಕ್ಕಳಲ್ಲಿ ನೂರ ನಲವತ್ತೊಂದು ಮಕ್ಕಳ ಅಭಿಪ್ರಾಯ ಬದಲಾಗಿದೆ, ಅಂದರೆ ಶೇಕಡಾ ಎಂಬತ್ತಾರರಷ್ಟು ಪೂರ್ವಗ್ರಹ ನಿವಾರಣೆ. ಒಂದು ಗಂಟೆಯಲ್ಲಿ! ಇಷ್ಟು ಬೇಗ ಪೂರ್ವಗ್ರಹ ಹೋಗುವುದಾದರೆ ಅದು ಇಷ್ಟು ಶತಮಾನ ಇದ್ದದ್ದಾದರೂ ಹೇಗೆ ಎಂದು ನನಗೆ ಅನುಮಾನ ಬಂತು.

ವರದಿಗೆ ಒಂದು ಅನುಬಂಧವಿದೆ. ಯಾರೂ ಓದುವುದಿಲ್ಲ ಎಂಬ ಭರವಸೆ ಇದ್ದಾಗಲೇ ಕಚೇರಿಗಳು ಅನುಬಂಧ ಹಾಕುವುದು. ನಾನು ಓದಿದೆ. ಮಕ್ಕಳ ನೂರ ಅರವತ್ತನಾಲ್ಕು ಉತ್ತರಗಳನ್ನೂ ಅವರವರ ಕೈಬರಹದಲ್ಲೇ ಸ್ಕ್ಯಾನ್ ಮಾಡಿ ಹಾಕಿದ್ದೀರಿ. ಓದಿ ಮುಗಿಸಲು ಎರಡು ಸಂಜೆ ಹಿಡಿಯಿತು. ಅಭಿಪ್ರಾಯ ಬದಲಾದ ಆ ನೂರ ನಲವತ್ತೊಂದು ಮಕ್ಕಳು ಏನು ಬರೆದಿದ್ದಾರೆ ಗೊತ್ತೇ? "ಅವರು ಮುದುಕರ ಥರ ಇಲ್ಲವೇ ಇಲ್ಲ." "ಅವರನ್ನು ನೋಡಿದರೆ ವಯಸ್ಸಾದವರು ಅನ್ನಿಸಲ್ಲ." "ಬೇರೆ ಮುದುಕರ ಹಾಗೆ ಬೋರ್ ಹೊಡೆಸಲಿಲ್ಲ." ಪದ ಬೇರೆ ಬೇರೆ, ಮಾತು ಒಂದೇ.

ಮಾನ್ಯರೇ, ಇದನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ನಿಧಾನಕ್ಕೆ ನನ್ನ ಆಕ್ಷೇಪವಿಲ್ಲ. ಮುದುಕರ ಥರ ಇಲ್ಲ ಎಂದರೆ, ಮುದುಕರು ಯಾವ ಥರ ಇರುತ್ತಾರೆ ಎಂಬ ಹಳೆಯ ತೀರ್ಮಾನ ಆ ಮಗುವಿನ ತಲೆಯಲ್ಲಿ ಹಾಗೇ ಕುಳಿತಿದೆ ಎಂದು ಅರ್ಥವಲ್ಲವೇ? ನೀವು ಆ ತೀರ್ಮಾನವನ್ನು ಮುಟ್ಟಿಲ್ಲ. ಅದರಿಂದ ಒಬ್ಬ ಮನುಷ್ಯನನ್ನು ಹೊರಗೆಳೆದು ತಂದು, ಬೆನ್ನು ತಟ್ಟಿ, ನೀನು ಅವರ ಪೈಕಿ ಅಲ್ಲ ಎಂದು ಪ್ರಮಾಣಪತ್ರ ಕೊಟ್ಟಿದ್ದೀರಿ. ಉಳಿದವರು ಒಳಗೇ ಇದ್ದಾರೆ. ಬಾಗಿಲು ಮೊದಲಿಗಿಂತ ಗಟ್ಟಿಯಾಗಿ ಮುಚ್ಚಿದೆ, ಏಕೆಂದರೆ ಈಗ ಮಕ್ಕಳ ಕೈಯಲ್ಲಿ ಒಂದು ಅಳತೆಗೋಲಿದೆ: ಮೂವತ್ತೆರಡು ಪುಷ್‌ಅಪ್.

ಆ ಅಳತೆಗೋಲು ಯಾರ ಮೇಲೆ ಬಂದು ಬಿತ್ತು ಎಂದು ನನಗೆ ಅನುಬಂಧದ ತೊಂಬತ್ತೇಳನೇ ಉತ್ತರದಲ್ಲಿ ಗೊತ್ತಾಯಿತು. "ಇಂಥ ತಾತ ನಮ್ಮ ಮನೆಯಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು" ಎಂದು ಅದರಲ್ಲಿದೆ. ಹೆಸರಿಲ್ಲ. ಆದರೆ ಆ ಅಕ್ಷರಗಳನ್ನು ನಾನು ಬಲ್ಲೆ. ಅವುಗಳನ್ನು ತಿದ್ದಿಸಿದವನು ನಾನೇ.

ಅವಳು ನನ್ನ ಮಗಳ ಮಗಳು, ಹದಿನಾರು ವರ್ಷ, ನಮ್ಮ ಜೊತೆಯಲ್ಲೇ ಬೆಳೆದವಳು. ಸಣಕಲಿ ಎಂದು ಮನೆಯಲ್ಲಿ ಅವಳನ್ನು ಕಡ್ಡಿ ಎನ್ನುತ್ತೇವೆ. ಅಂದು ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

"ಕಡ್ಡಿ, ತೊಂಬತ್ತೇಳನೇದು ನಿಂದಾ?"

"ಯಾವ್ದು ತೊಂಬತ್ತೇಳು?" ಎಂದವಳು, ಗೊತ್ತಾದ ಮೇಲೆ ತಟ್ಟೆಯಿಂದ ಕೈ ಎತ್ತಿ ಬಾಯಿ ಮುಚ್ಚಿಕೊಂಡಳು. "ಅಯ್ಯೋ ತಾತಾ! ಅದನ್ನೆಲ್ಲ ಓದಿದ್ಯಾ? ಅದನ್ನ ಯಾರೂ ಓದಲ್ಲ!"

"ನಾನು ಮನೇಲೇ ಇದೀನಲ್ಲಮ್ಮ. ಇಂಥ ತಾತ ಇದ್ದಿದ್ರೆ ಅಂತ ಬರೆದಿದೀಯ."

"ಅದು ಹಂಗಲ್ಲ ತಾತ. ಶೂ ತಾತ ಕೇಳಿದ ತಕ್ಷಣ ಪಟ್ ಅಂತ ಉತ್ತರ ಕೊಡ್ತಾರೆ. ನಿನ್ನ ಏನಾದ್ರೂ ಕೇಳಿದ್ರೆ, ನೀನು ಉತ್ತರ ಕೊಡೋ ಹೊತ್ತಿಗೆ ನಾನೇನ್ ಕೇಳಿದ್ದೆ ಅಂತ ನಂಗೇ ಮರ್ತೋಗಿರತ್ತೆ."

ನನ್ನ ಹೆಂಡತಿ ನಕ್ಕಳು. ನಾನೂ ನಗಬೇಕಾಯಿತು. ಆಮೇಲೆ ತಿಳಿಯಿತು, ಅವಳ ಗೆಳತಿಯರ ನಡುವೆ ಷಡ್ಡಕರ ಹೆಸರು 'ಶೂ ತಾತ', ನನ್ನ ಹೆಸರು 'ಮನೆ ತಾತ'. ಕುರ್ಚಿ, ಮೇಜು, ಕಪಾಟಿನ ಹಾಗೆ ನಾನೂ ಮನೆಗೆ ಸೇರಿದ ಒಂದು ವಸ್ತು.

"ನಿಮಗೆ ಭಾವನ ಮೇಲೆ ಹೊಟ್ಟೆಯುರಿ ಕಣ್ರೀ," ಎಂದಳು ಹೆಂಡತಿ. "ಇವತ್ತಿನದಲ್ಲ, ನಮ್ಮ ಮದುವೆ ಫೋಟೋದಲ್ಲೂ ಅವರ ಕಡೆಗೇ ನೋಡ್ತಿದೀರಿ."

ಆ ಹಳೆಯ ಫೋಟೋ ಹುಡುಕಿ ನೋಡಿದೆ. ನಿಜ.

ಹಾಗಾಗಿ ನಾನು ಅರ್ಜಿ ಹಾಕಿದ್ದು ಸಮಾಜಸೇವೆಗಲ್ಲ. ಮುಂದಿನ ತಿಂಗಳ ಹದಿನೆಂಟರಂದು ಅದೇ ಶಾಲೆಯ ಅದೇ ತರಗತಿಗೆ ಎರಡನೇ ಹಿರಿಯರೊಬ್ಬರನ್ನು ಕಳಿಸುತ್ತೀರಿ ಎಂದು ನಿಮ್ಮ ವೇಳಾಪಟ್ಟಿ ಹೇಳುತ್ತದೆ. ಆ ಗಂಟೆ ನನಗೆ ಬೇಕು. ಅವಳ ಮುಂದೆ, ಅವಳ ಗೆಳತಿಯರ ಮುಂದೆ, ನಾನು ಇರುವ ಹಾಗೆಯೇ ಕೂರಬೇಕು. 'ಆ ಒಂದು ಗಂಟೆಯಲ್ಲಿ ಏನು ಮಾಡುವಿರಿ?' ಎಂದು ನಿಮ್ಮ ಅರ್ಜಿಯಲ್ಲಿ ಕೇಳಿದ್ದೀರಿ. ನಾನು ಬರೆದದ್ದು: 'ಕೂರುತ್ತೇನೆ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ತಡವಾಗುತ್ತದೆ.' ನಿಮ್ಮವರು ಅದರ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಅರ್ಥವಾಗದ್ದು ಮೂರರಲ್ಲಿ ಯಾವುದು?

ತಡವಾಗುವುದರಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. ಅದಕ್ಕೆ ನನ್ನ ಕೆಲಸದಿಂದಲೇ ಒಂದು ಸಾಕ್ಷ್ಯ ಕೊಡುತ್ತೇನೆ. ಇದರಲ್ಲಿ ಪೂರ್ವಗ್ರಹವಿದ್ದವನು ನಾನು. ಆಗ ನನಗೆ ಇಪ್ಪತ್ತಾರು.

ಆ ಕಾಲದಲ್ಲಿ ಮೀಟರ್‌ಗಳು ಮನೆಯ ಒಳಗಿರುತ್ತಿದ್ದವು. ಬಾಗಿಲು ತೆಗೆಯುವವರಿಲ್ಲದಿದ್ದರೆ ಒಂದು ನಿಯಮವಿತ್ತು: ಪುಸ್ತಕದಲ್ಲಿ 'ಡೋರ್ ಲಾಕ್' ಎಂದು ಬರೆದು, ಹಿಂದಿನ ಮೂರು ತಿಂಗಳ ಸರಾಸರಿಯನ್ನು ಆ ತಿಂಗಳ ಲೆಕ್ಕವೆಂದು ಹಾಕುವುದು. ಒಂದು ತಿಂಗಳಿಗೆ ಇದರಿಂದ ತೊಂದರೆಯಿಲ್ಲ. ಆದರೆ ಮುಂದಿನ ತಿಂಗಳೂ ಬಾಗಿಲು ತೆರೆಯದಿದ್ದರೆ ಸರಾಸರಿಯನ್ನೂ ಸೇರಿಸಿ ಸರಾಸರಿ ತೆಗೆಯುತ್ತೇವೆ. ನಾಲ್ಕನೇ ತಿಂಗಳಿಗೆ ಪುಸ್ತಕದಲ್ಲಿರುವುದೆಲ್ಲ ನಮ್ಮದೇ ಊಹೆ, ಆ ಮನೆಯದು ಒಂದು ಹನಿಯೂ ಇಲ್ಲ. ಆದರೂ ಪುಸ್ತಕ ನೋಡಿದವರಿಗೆ ಅಂಕಿಗಳು ಬಹಳ ಸ್ಥಿರವಾಗಿ, ನಂಬಿಕೆಗೆ ಅರ್ಹವಾಗಿ ಕಾಣುತ್ತವೆ.

ನಾನು ಸುತ್ತುವ ಪ್ರದೇಶದಲ್ಲಿ ಒಂದು ಹಳೆಯ ಕಟ್ಟಡವಿತ್ತು. ನೆಲಮಹಡಿಯ ಉದ್ದದ ಓಣಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದರು. ದಿನಕ್ಕೆ ನೂರ ಇಪ್ಪತ್ತು ಮನೆ ಮುಗಿಸಬೇಕಾದವನು ನಾನು. ಬೆಲ್ ಒತ್ತಿದರೆ ಒಳಗೆಲ್ಲೋ ಚಪ್ಪಲಿ ಎಳೆಯುವ ಸದ್ದು ಶುರುವಾಗುತ್ತಿತ್ತು. ಮುಗಿಯುತ್ತಿರಲಿಲ್ಲ. ಅರ್ಧ ನಿಮಿಷ ನಿಲ್ಲುತ್ತಿದ್ದೆ, 'ಈ ಮುದುಕರ ಸಹವಾಸ' ಎಂದುಕೊಂಡು 'ಡೋರ್ ಲಾಕ್' ಬರೆದು ಹೊರಟುಬಿಡುತ್ತಿದ್ದೆ. ಆಕೆ ತಿಂಗಳಿಗೆ ಎಂಟು ಯೂನಿಟ್ ಬಳಸುತ್ತಿದ್ದವರು. ಒಂಟಿ ಜೀವ, ಎಷ್ಟು ನೀರು ಬೇಕು? ಎಂಟು ಬರೆದೆ. ಮುಂದಿನ ತಿಂಗಳೂ ಎಂಟು. ಹೀಗೆ ಏಳು ತಿಂಗಳು. ಬಾಗಿಲಿಗೆ ಬೀಗವಿರಲಿಲ್ಲ, ಮಾನ್ಯರೇ. ಬಾಗಿಲು ತೆರೆಯುತ್ತಿತ್ತು. ನಾನು ನಿಲ್ಲುತ್ತಿರಲಿಲ್ಲ, ಅಷ್ಟೇ.

ಎಂಟನೇ ತಿಂಗಳು ತಪಾಸಣೆಗೆಂದು ನಮ್ಮ ಇನ್ಸ್‌ಪೆಕ್ಟರ್ ಜೊತೆಗೆ ಬಂದರು. ಬೆಲ್ ಒತ್ತಿ, ಕೈಗಡಿಯಾರ ನೋಡುತ್ತ, ಗೋಡೆಗೆ ಒರಗಿ ನಿಂತರು. ನಾನು "ಲಾಕ್ ಸಾರ್, ಯಾವಾಗ್ಲೂ ಲಾಕು" ಎಂದೆ. ಒಂದು ನಿಮಿಷ ಐವತ್ತು ಸೆಕೆಂಡಿಗೆ ಬಾಗಿಲು ತೆರೆಯಿತು.

ಮುದುಕಿ ಮೊದಲು ನನ್ನ ಮುಖ ನೋಡಿದರು, ಆಮೇಲೆ ನನ್ನ ಬೂಟು ನೋಡಿದರು. "ಓ, ನೀನೇನಾ ಅದು? ತಿಂಗಳು ತಿಂಗಳು ಬಂದು ಓಡೋಗ್ತಿದ್ದೋನು? ನಾನು ಚಿಲಕಕ್ಕೆ ಕೈ ಹಾಕೋ ಹೊತ್ತಿಗೆ ನಿನ್ನ ಬೂಟಿನ ಸದ್ದು ಓಣಿ ದಾಟಿರೋದು."

ಅಡುಗೆಮನೆಗೆ ಹೋದೆವು. ಮೀಟರ್ ಸಿಂಕ್‌ನ ಕೆಳಗಿತ್ತು. ನೆಲದ ತುಂಬ ಹಳೆಯ ಬಟ್ಟೆ ಹಾಸಿದ್ದರು, ಎಲ್ಲ ತೇವ. ಗೋಡೆ ಸೊಂಟದ ಮಟ್ಟಕ್ಕೆ ಪಾಚಿ ಕಟ್ಟಿತ್ತು. ಇನ್ಸ್‌ಪೆಕ್ಟರ್ ಏನಿದು ಎಂದರೆ ಆಕೆ ತಪ್ಪು ಮಾಡಿದ ಮಗುವಿನ ಹಾಗೆ ಸಣ್ಣ ದನಿಯಲ್ಲಿ ಹೇಳಿದರು: "ನಾನೇ ಚೆಲ್ತಿರ್ಬೇಕು ಸ್ವಾಮಿ. ನೆಲ ಒದ್ದೆ ಇದೆ ಅಂದ್ರೆ ನನ್ನ ಮಗ, 'ನೀನೇ ಚೆಲ್ಲಿ ಮರ್ತಿರ್ತೀಯ, ವಯಸ್ಸಾಯ್ತಲ್ಲ' ಅಂದ. ಮೇಲಿನ ಮನೆಯೋಳೂ ಅದೇ ಅಂದ್ಲು. ಇರ್ಬೇಕು ಅಂದ್ಕೊಂಡೆ. ಈಗ ಲೋಟದಲ್ಲಿ ಅರ್ಧಾನೇ ತುಂಬಿಸ್ಕೊಳ್ತೀನಿ, ಚೆಲ್ಲಬಾರ್ದು ಅಂತ."

ನಾನು ಮಲಗಿ ಮೀಟರ್ ಓದಿದೆ. ಏಳು ತಿಂಗಳಿಗೆ ಐವತ್ತಾರು ಯೂನಿಟ್ ಎಂದು ನಾನು ಬರೆದಿದ್ದೆ. ಮುಳ್ಳು ತೋರಿಸಿದ್ದು ಇನ್ನೂರ ಮೂವತ್ತೊಂದು. ನೆಲದ ಕೆಳಗೆ ಪೈಪು ಒಡೆದಿತ್ತು. ಇನ್ಸ್‌ಪೆಕ್ಟರ್ ಆಕೆಯ ಹತ್ತಿರ ಹೋಗಿ ಗಟ್ಟಿಯಾಗಿ ಹೇಳಿದರು: "ಅಮ್ಮಾ, ಚೆಲ್ಲಿದ್ದು ನೀವಲ್ಲ."

ಆಕೆ ಕುರ್ಚಿ ಎಳೆದುಕೊಂಡು ಕೂತರು. "ಹಂಗಾದ್ರೆ ನಂಗೆ ಮರೆವಿಲ್ವಾ?" ಎಂದು ಕೇಳಿದರು.

ನಾನು ಮೊದಲನೇ ತಿಂಗಳೇ ಇನ್ನೊಂದು ನಿಮಿಷ ಇಪ್ಪತ್ತು ಸೆಕೆಂಡ್ ನಿಂತಿದ್ದರೆ ಆಕೆ ಆ ಏಳು ತಿಂಗಳು ತನ್ನ ತಲೆಯನ್ನು ತಾನೇ ಅನುಮಾನಿಸಬೇಕಾಗಿರಲಿಲ್ಲ. ವಯಸ್ಸಾದವರ ಬಗೆಗಿನ ಪೂರ್ವಗ್ರಹ ಎಂದರೆ ಏನು ಎಂದು ನಿಮ್ಮ ಕೈಪಿಡಿಯಲ್ಲಿ ಹನ್ನೆರಡು ಪುಟವಿದೆ. ನನಗೆ ಗೊತ್ತಿರುವುದು ಇಷ್ಟು: ಬಾಗಿಲು ತೆರೆಯುವವರೆಗೆ ಕಾಯದೆ ಸರಾಸರಿ ಬರೆಯುವುದು. ಕೆಟ್ಟ ಪರಿಣಾಮವೇನೆಂದರೆ, ಕೊನೆಗೆ ಒಳಗಿರುವವರೂ ಹೊರಗೆ ಬರೆದದ್ದನ್ನೇ ನಂಬುತ್ತಾರೆ. ಬೇಗ ಬಾಗಿಲು ತೆರೆಯುವ ಒಬ್ಬರನ್ನು ತೋರಿಸಿ ನೀವು ಇದನ್ನು ಹೇಗೆ ಸರಿಪಡಿಸುತ್ತೀರಿ? ಆ ಇಪ್ಪತ್ತಾರರ ಹುಡುಗನಾಗಿದ್ದ ನನಗೆ ಓಡಿ ಬಂದು ಚಿಲಕ ತೆಗೆಯುವ ಮುದುಕಿಯನ್ನು ತೋರಿಸಿದ್ದರೆ, ಕೊನೆಯ ಮನೆಯವರ ಮೇಲೆ ಸಿಟ್ಟು ಇನ್ನೂ ಹೆಚ್ಚಾಗುತ್ತಿತ್ತು.

ಮುದುಕರೆಲ್ಲ ಜ್ಞಾನಿಗಳು, ಅವರ ಪಾದದ ಬಳಿ ಕೂರಿ ಎಂದು ನಾನು ಹೇಳುತ್ತಿಲ್ಲ. ದಡ್ಡ ಮುದುಕರನ್ನು ನಾನು ಬೇಕಾದಷ್ಟು ಬಲ್ಲೆ. ಅವರೆಲ್ಲ ಮೊದಲು ದಡ್ಡ ಯುವಕರಾಗಿದ್ದವರು. ಮಕ್ಕಳು ನಮ್ಮನ್ನು ಗೌರವಿಸಲೇಬೇಕು ಎಂಬ ಹಟವೂ ನನಗಿಲ್ಲ. ಸದ್ದು ಶುರುವಾದ ಮೇಲೆ ನಿಲ್ಲಲಿ. ಅಷ್ಟು ಸಾಕು.

ಈಗ ಆ ಮಂಗಳವಾರಕ್ಕೆ ಬರುತ್ತೇನೆ. ಸಂಬಂಧಿಕರ ಅರ್ಜಿಯ ಮೇಲೆ ಸದಸ್ಯರು ಮತ ಹಾಕಬಾರದು ಎಂದು ನಿಮ್ಮ ನಿಯಮಾವಳಿಯಲ್ಲಿದೆ, ಆದರೆ ಷಡ್ಡಕ ಸಂಬಂಧಿಯೇ ಎಂಬುದು ಅದರಲ್ಲಿ ಸ್ಪಷ್ಟವಿಲ್ಲ. ನನಗೂ ನಲವತ್ತು ವರ್ಷದಿಂದ ಸ್ಪಷ್ಟವಿಲ್ಲ. ಸಂಜೆ ಆರಕ್ಕೆ ಅವರು ಬಂದರು. ನೀಲಿ ಶೂ ಕಳಚಿ, ಎಂದಿನಂತೆ ಬಾಗಿಲ ಬಳಿಯೇ "ಏನಯ್ಯಾ!" ಎನ್ನದೆ, ನೇರವಾಗಿ ಬಂದು ಕೂತರು.

"ಆಗ್ಲಿಲ್ಲ ಕಣಯ್ಯಾ. ಎರಡೇ ಕೈ ಎದ್ದಿದ್ದು."

"ನಿಮ್ಮದೂ ಸೇರಿ ಎರಡಾ ಭಾವ?" ಎಂದೆ.

ಅವರು ಕಿಟಕಿ ಕಡೆ ನೋಡಿದರು. ಅಲ್ಲಿ ಅವರದೇ ಪೋಸ್ಟರ್ ಕಾಣುತ್ತದೆ. "ಭುಜ ನೋವು ಕಣಯ್ಯಾ. ಬಲಗೈ ಮೇಲಕ್ಕೇ ಹೋಗ್ತಿಲ್ಲ ಮೂರು ತಿಂಗಳಿಂದ."

ಒಳಗಿನಿಂದ ಚಹಾ ತರುತ್ತಿದ್ದ ನನ್ನ ಹೆಂಡತಿ ಅಲ್ಲೇ ನಿಂತು ಕೇಳಿದಳು: "ಎಡಗೈ ಇರ್ಲಿಲ್ವಾ ಭಾವ?"

ಅವರು ಲೋಟವನ್ನು ಎಡಗೈಯಲ್ಲೇ ತೆಗೆದುಕೊಂಡರು. ಅರ್ಧ ಕುಡಿದ ಮೇಲೆ ಹೇಳಿದರು: "ಆ ಶಾಲೆಯಿಂದ ಬಂದೋನು ಎರಡು ದಿನ ಹಾಸಿಗೆ ಬಿಟ್ಟು ಎದ್ದಿಲ್ಲ. ನಿನ್ನ ಅತ್ತಿಗೆ ಬಿಸಿನೀರಿನ ಚೀಲ ಇಟ್ಟೂ ಇಟ್ಟೂ ಸಾಕಾದ್ಲು. ಮುಂದಿನ ಶಾಲೇಲಿ ಮೂವತ್ತೆರಡಿರ್ಲಿ, ಹತ್ತು ಆಗತ್ತೋ ಇಲ್ವೋ. ಆಫೀಸಿನೋರು ಇಪ್ಪತ್ತೈದಕ್ಕಿಂತ ಕಮ್ಮಿ ಆಗ್ಬಾರ್ದು ಸಾರ್ ಅಂತಾರೆ."

"ಅದಕ್ಕೂ ನನ್ನ ಅರ್ಜಿಗೂ ಏನು ಸಂಬಂಧ?"

"ನಿನ್ನನ್ನ ನಮ್ಮ ಜೊತೆ ಕೂರಿಸಿದ್ರೆ," ಎಂದು ಲೋಟದೊಳಗೇ ನೋಡುತ್ತ ಹೇಳಿದರು, "ನಾಳೆ ನನ್ನನ್ನೂ ನಿನ್ನ ಥರ ನೋಡ್ತಾರೆ ಅನ್ನಿಸ್ತು ಕಣಯ್ಯಾ. ಅದಕ್ಕೇ ಎತ್ಲಿಲ್ಲ. ಇದನ್ನ ಬೇಕಾದ್ರೆ ಪೇಪರಿಗೆ ಬರಿ. ಹೆಸರು ಬರೀಬೇಡ."

ಅವರಿಗೂ ನೋವಿದೆ ಎಂದು ತಿಳಿದಾಗ ನನಗೆ ಸಂತೋಷವಾಯಿತು. ಮುಚ್ಚಿಟ್ಟರೆ ಈ ಪತ್ರಕ್ಕೆ ಬೆಲೆಯಿರುವುದಿಲ್ಲ. ಸುಮಾರು ಒಂದು ನಿಮಿಷ ಬಹಳ ಸಂತೋಷವಾಯಿತು. ಆಮೇಲೆ ಲೆಕ್ಕ ಹಾಕಿದೆ. ನಿಮ್ಮ ಹನ್ನೊಂದು ಮಂದಿ ಮಾದರಿ ಹಿರಿಯರಲ್ಲಿ ಒಬ್ಬರು ಭುಜ ನೋವನ್ನು ಸಮಿತಿಯಿಂದ ಮುಚ್ಚಿಡುತ್ತಿದ್ದಾರೆ. ಇನ್ನುಳಿದ ಹತ್ತು ಮಂದಿ ಏನೇನು ಮುಚ್ಚಿಡುತ್ತಿದ್ದಾರೋ? ಮುದುಕರ ಬಗ್ಗೆ ಭಯ ಹೋಗಲಾಡಿಸಲು ಹೊರಟ ಕಾರ್ಯಕ್ರಮದಲ್ಲಿ, ಎಪ್ಪತ್ತೊಂದು ವರ್ಷದ ಒಬ್ಬ ಮನುಷ್ಯ ಮುದುಕನ ಪಕ್ಕ ಕೂರಲು ಹೆದರಿ ಕೈ ಕೆಳಗಿಟ್ಟುಕೊಂಡಿದ್ದಾರೆ. ಮಕ್ಕಳಿಗೆ ಹಾಳೆ ತುಂಬಿಸಿದ ಹಾಗೆ ನಿಮ್ಮ ಸಮಿತಿಗೂ ಒಂದು ಹಾಳೆ ತುಂಬಿಸಿ ನೋಡಿ. ಶೇಕಡಾವಾರು ನನಗೂ ಕಳಿಸಿಕೊಡಿ.

ನನ್ನ ಹೊಟ್ಟೆಕಿಚ್ಚು ಹೋಯಿತೇ? ಇಲ್ಲ. ಮೇಲ್ಮನವಿಯನ್ನು ಕಂಪ್ಯೂಟರಿನಲ್ಲೇ ಸಲ್ಲಿಸಬೇಕೆಂಬ ನಿಮ್ಮ ನಿಯಮದಿಂದಾಗಿ, ಕಾರಣಗಳನ್ನೆಲ್ಲ ನಾನು ಹೇಳುತ್ತ ಹೋದೆ, ಮೊಮ್ಮಗಳು ಟೈಪ್ ಮಾಡಿದಳು. ಮುದುಕಿಯ ವಿಷಯ ಬಂದಾಗ ಅವಳ ಬೆರಳು ನಿಂತವು.

"ಇದನ್ನ ನಂಗ್ಯಾಕೆ ಯಾವತ್ತೂ ಹೇಳಿಲ್ಲ ತಾತ?"

"ಎರಡು ಸಲ ಶುರು ಮಾಡಿದ್ದೆ."

ಅವಳು ಸ್ವಲ್ಪ ಯೋಚಿಸಿದಳು. "ನಾನು ಎದ್ದೋಗಿದ್ನಾ?"

"ಫೋನ್ ಬಂದಿತ್ತು ನಿಂಗೆ."

"ಸರಿ, ಮುಂದಕ್ಕೆ ಹೇಳು. ನಿಧಾನಕ್ಕೆ ಹೇಳು, ನಾನು ಟೈಪ್ ಮಾಡ್ಬೇಕಲ್ಲ," ಎಂದಳು. ಮುಗಿಸಿ ಕಳಿಸುವ ಗುಂಡಿ ಒತ್ತಿದ ಮೇಲೆ ನನ್ನ ಮುಖ ನೋಡಿ, "ಆದ್ರೂ ತಾತ, ಪುಷ್‌ಅಪ್ ಅಂದ್ರೆ ಶೂ ತಾತನೇ," ಎಂದು ಎದ್ದು ಹೋದಳು. ಆ ಸಂಜೆಯೆಲ್ಲ ನಾನು ಎದುರಿನ ಪೋಸ್ಟರ್ ನೋಡಿಕೊಂಡು ಕೂತಿದ್ದೆ.

ಆದ್ದರಿಂದ ನನ್ನ ಒತ್ತಾಯ. ಮುಂದಿನ ತಿಂಗಳ ಹದಿನೆಂಟರ ಆ ಗಂಟೆಯನ್ನು ನನಗೆ ಕೊಡಿ. ನನ್ನನ್ನು ವಿಶೇಷ ಅತಿಥಿ, ಸ್ಫೂರ್ತಿಯ ಚಿಲುಮೆ, ಚಿರಯುವಕ ಎಂದೆಲ್ಲ ಪರಿಚಯಿಸಬೇಡಿ, ವಯಸ್ಸಾದವರು ಒಬ್ಬರು ಬಂದಿದ್ದಾರೆ ಎಂದರೆ ಸಾಕು. ಇಪ್ಪತ್ತು ಮೀಟರ್ ನಡಿಗೆಯನ್ನೂ ತಡೆಯದ ಐದು ನಿಮಿಷದ ಮಾತನ್ನೂ ಆಯ್ಕೆಯಿಂದ ತೆಗೆದುಹಾಕಿ. ಷಡ್ಡಕರನ್ನು ಕೈಬಿಡಬೇಡಿ. ಭುಜ ನೋವಿನೊಂದಿಗೇ ಅವರನ್ನು ಶಾಲೆಗೆ ಕಳಿಸಿ, 'ಇವತ್ತು ಆಗುವುದಿಲ್ಲ ಮಕ್ಕಳೇ' ಎಂದು ಹೇಳಲು ಅನುಮತಿ ಕೊಡಿ. ಅವರು ಅದನ್ನೂ ನನಗಿಂತ ಚೆನ್ನಾಗಿ ಹೇಳಿಬಿಡುತ್ತಾರೆ ಎಂಬ ಅಳುಕು ನನಗಿದೆ, ಆದರೂ ಕೊಡಿ. ಮತ್ತು ಆ ನೂರ ನಲವತ್ತೊಂದು ಉತ್ತರಗಳನ್ನು ಯಶಸ್ಸಿನ ಪಟ್ಟಿಯಿಂದ ತೆಗೆದು, ಇನ್ನೂ ಮುಗಿಯದ ಕೆಲಸದ ಪಟ್ಟಿಗೆ ಸೇರಿಸಿ ತಿದ್ದಿದ ವರದಿ ಪ್ರಕಟಿಸಿ.

ನನ್ನ ಮೇಲ್ಮನವಿಯ ವಿಚಾರಣೆ ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ನಿಮ್ಮ ಕಚೇರಿಯ ಮೂರನೇ ಮಹಡಿಯಲ್ಲಿ ನಡೆಯುತ್ತದೆ. ಲಿಫ್ಟ್ ಕೆಟ್ಟಿದೆ ಎಂದು ನಿಮ್ಮ ಸ್ವಾಗತಕಾರರು ಫೋನಿನಲ್ಲಿ ತಿಳಿಸಿದ್ದಾರೆ. ಷಡ್ಡಕರು ಜೊತೆಗೆ ಬರುತ್ತಾರೆ. ಇಬ್ಬರೂ ಹತ್ತೂಕಾಲಿಗೆ ಮೆಟ್ಟಿಲೇರಲು ಶುರು ಮಾಡುತ್ತೇವೆ.

ಇಂತಿ,
ತಮ್ಮ ವಿಶ್ವಾಸ ಎರಡು ಸಲ ಕೇಳಿಯೂ ಸಿಗದ
ಒಬ್ಬ ನಿವೃತ್ತ ಮೀಟರ್ ರೀಡರ್